ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯಾದವರು ರಕ್ತದಾನ ಮಾಡುವ ಕ್ರಮ: ಮೂರು ತಿಂಗಳು ಮುಂಚೆ ಶುರುವಾಗುವ ತಯಾರಿ

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಇಳಿಸಿಕೊಂಡವರು ರಕ್ತದಾನಕ್ಕೆಂದು ಬಂದು ಬರಿಗೈಯಲ್ಲಿ ಹಿಂದಿರುಗುವುದನ್ನು ರಕ್ತನಿಧಿಯ ಸಮಾಲೋಚನೆ ಮೇಜಿನ ಈ ಬದಿಯಲ್ಲಿ ಕುಳಿತು ಮತ್ತೆ ಮತ್ತೆ ನೋಡಿದ್ದೇನೆ. ಕೆಲವರಿಗೆ ಹಿಮೋಗ್ಲೋಬಿನ್ ಸಾಲದು, ಕೆಲವರಿಗೆ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿರುವುದಿಲ್ಲ, ಇನ್ನು ಕೆಲವರು ಎಲ್ಲ ಸರಿಯಿದ್ದರೂ ತಮಗಾದ ಶಸ್ತ್ರಚಿಕಿತ್ಸೆಯ ಹೆಸರನ್ನು ಅರ್ಧ ಹೇಳಿ ತಿರಸ್ಕೃತರಾಗುತ್ತಾರೆ. ಇವರಿಗಿಂತ ನನ್ನನ್ನು ಹೆಚ್ಚು ಕಾಡುವವರು, ಪರೀಕ್ಷೆಯಲ್ಲಿ ಪಾಸಾಗಿ, ರಕ್ತ ಕೊಟ್ಟು, ಆಮೇಲೆ ಆರು ತಿಂಗಳು ಸುಸ್ತಿನಲ್ಲಿ ನರಳುವವರು.

ಇವರೆಲ್ಲರ ತಪ್ಪು ಒಂದೇ. ಕೊನೆಯ ಹೆಜ್ಜೆಯನ್ನು ಮೊದಲು ಇಡುತ್ತಾರೆ, ಅಂದರೆ ಶಿಬಿರದ ದಿನಾಂಕ ನೋಡಿಕೊಂಡು ಹೊರಟುಬಿಡುತ್ತಾರೆ. ಸಾಮಾನ್ಯ ಆರೋಗ್ಯವಂತರಿಗೆ ಅದು ಸಾಕಾಗಬಹುದು. ಹೊಟ್ಟೆಯ ರಚನೆಯೇ ಬದಲಾಗಿರುವವರ ರಕ್ತದಾನ ಶುರುವಾಗಬೇಕಾದದ್ದು ಸುಮಾರು ಮೂರು ತಿಂಗಳು ಮೊದಲು, ಪ್ರಯೋಗಾಲಯದಲ್ಲಿ. ಈ ಶಸ್ತ್ರಚಿಕಿತ್ಸೆಯಾದ ಮಾತ್ರಕ್ಕೆ ಯಾರೂ ಜೀವನಪೂರ್ತಿ ಅನರ್ಹರಾಗುವುದಿಲ್ಲ. ಕ್ರಮ ತಪ್ಪದೆ ಬಂದವರು ನೆಮ್ಮದಿಯಿಂದ ಕೊಟ್ಟು ಹೋಗಿದ್ದಾರೆ. ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲಿಯೇ ಪಾಲಿಸಬೇಕೆಂದು ಕೋರುತ್ತೇನೆ. ಕೊನೆಯ ತೀರ್ಮಾನ ಮಾತ್ರ ಆ ದಿನ ನಿಮ್ಮನ್ನು ಪರೀಕ್ಷಿಸುವ ರಕ್ತನಿಧಿಯ ವೈದ್ಯರದ್ದು, ಅದನ್ನು ಗೌರವಿಸಿ.

## ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದವು

ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯ ನಕಲು ಪ್ರತಿ, ಮೂರು ತಿಂಗಳಿಗಿಂತ ಹಳೆಯದಲ್ಲದ ರಕ್ತಪರೀಕ್ಷೆಯ ವರದಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಗುರುತಿನ ಚೀಟಿ, ಒಂದು ಲೀಟರಿನ ನೀರಿನ ಬಾಟಲಿ, ಸಿಹಿಯಿಲ್ಲದ ಸ್ವಂತ ತಿಂಡಿಯ ಒಂದು ಚಿಕ್ಕ ಡಬ್ಬಿ ಇಷ್ಟು ಬೇಕು. ಜೊತೆಗೆ ಒಬ್ಬರು ಬರುವುದು ಒಳ್ಳೆಯದು. ಆ ಡಬ್ಬಿಯನ್ನು ಕ್ಷುಲ್ಲಕವೆಂದು ಬಿಡಬೇಡಿ, ಅದರ ಕಾರಣ ಎಂಟನೆಯ ಹಂತದಲ್ಲಿದೆ.

## ಹಂತ 1: ದಿನಾಂಕದ ಲೆಕ್ಕ

ಭಾರತದಲ್ಲಿ ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತು 2017ರಲ್ಲಿ ಹೊರಡಿಸಿದ ದಾನಿಗಳ ಆಯ್ಕೆಯ ಮಾರ್ಗಸೂಚಿಯ ಪ್ರಕಾರ ದೊಡ್ಡ ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಂಡ ಮೇಲೆ 12 ತಿಂಗಳು, ಚಿಕ್ಕ ಶಸ್ತ್ರಚಿಕಿತ್ಸೆಯಾದವರು 6 ತಿಂಗಳು ಕಾಯಬೇಕು. ಲ್ಯಾಪರೊಸ್ಕೋಪಿಯಲ್ಲಿ ನಾಲ್ಕೈದು ಸಣ್ಣ ರಂಧ್ರಗಳಷ್ಟೇ ಆಗಿದ್ದರಿಂದ ತಮ್ಮದು ಚಿಕ್ಕ ಶಸ್ತ್ರಚಿಕಿತ್ಸೆಯೆಂದು ಹಲವರು ಭಾವಿಸುತ್ತಾರೆ. ಪೂರ್ಣ ಅರಿವಳಿಕೆ ಕೊಟ್ಟು, ಆಸ್ಪತ್ರೆಯಲ್ಲಿ ಉಳಿಸಿಕೊಂಡು, ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುವ ಅಥವಾ ಬೇರ್ಪಡಿಸುವ ಚಿಕಿತ್ಸೆಯನ್ನು ಚಿಕ್ಕದೆಂದು ಎಣಿಸಬೇಡಿ. 12 ತಿಂಗಳನ್ನೇ ಹಿಡಿಯಿರಿ.

ಲೆಕ್ಕ ತಪ್ಪುವ ಜಾಗ ಇನ್ನೂ ಎರಡಿವೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಥವಾ ಆಮೇಲೆ ನಿಮಗೆ ರಕ್ತ ಹಾಕಿದ್ದರೆ ಆ ದಿನದಿಂದ 12 ತಿಂಗಳು ಕಾಯಬೇಕು. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲುಗಳಾಗುವುದು ಸಾಮಾನ್ಯವಾದ್ದರಿಂದ ಒಂದೆರಡು ವರ್ಷದೊಳಗೆ ಪಿತ್ತಕೋಶ ತೆಗೆಸಿಕೊಂಡವರು, ಜೋತುಬಿದ್ದ ಹೊಟ್ಟೆಯ ಚರ್ಮ ತೆಗೆಸಿಕೊಂಡವರು, ಹರ್ನಿಯಾ ಸರಿಪಡಿಸಿಕೊಂಡವರು ಹಳೆಯ ದಿನಾಂಕವನ್ನು ಬಿಟ್ಟು ಕೊನೆಯ ಶಸ್ತ್ರಚಿಕಿತ್ಸೆಯ ದಿನಾಂಕದಿಂದ ಎಣಿಸಬೇಕು.

ನಿಯಮದಲ್ಲಿ ಇಲ್ಲದ, ಆದರೆ ನಾನು ಎಲ್ಲರಿಗೂ ಹೇಳುವ ಮಾತೊಂದಿದೆ. ತೂಕ ಇನ್ನೂ ತಿಂಗಳಿಗೆ ಒಂದೆರಡು ಕೆಜಿ ಇಳಿಯುತ್ತಲೇ ಇದ್ದರೆ ವರ್ಷ ತುಂಬಿದ್ದರೂ ಕಾಯಿರಿ. ಆಗ ಒಳಗೆ ಹೋಗುವ ಆಹಾರ ಕಡಿಮೆ, ದೇಹ ತನ್ನ ದಾಸ್ತಾನನ್ನೇ ಖರ್ಚು ಮಾಡುತ್ತಿರುತ್ತದೆ. ಮೂರು ತಿಂಗಳು ತೂಕ ಒಂದೇ ಮಟ್ಟದಲ್ಲಿ ನಿಂತ ಮೇಲೆ ಎರಡನೆಯ ಹಂತಕ್ಕೆ ಬನ್ನಿ.

## ಹಂತ 2: ನಿಮಗಾದ ಶಸ್ತ್ರಚಿಕಿತ್ಸೆ ಯಾವುದೆಂದು ತಿಳಿದು, ಅದರ ಪೂರ್ತಿ ಹೆಸರು ಕಲಿಯುವುದು

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರವನ್ನು ಉದ್ದಕ್ಕೆ ಕತ್ತರಿಸಿ ಬಾಳೆಹಣ್ಣಿನಷ್ಟು ಅಗಲದ ಕೊಳವೆಯಾಗಿ ಉಳಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಿಂದ ಚಿಕ್ಕ ಚೀಲವೊಂದನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮಧ್ಯಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಆಹಾರದಲ್ಲಿರುವ ಕಬ್ಬಿಣ ಮುಖ್ಯವಾಗಿ ಹೀರಲ್ಪಡುವುದು ಡಿಯೋಡಿನಮ್ ಎಂಬ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಊಟ ಆ ದಾರಿಯನ್ನೇ ಬಿಟ್ಟು ಹೋಗುತ್ತದೆ. ಜೊತೆಗೆ ಸಸ್ಯಾಹಾರದ ಕಬ್ಬಿಣವನ್ನು ಹೀರಬಲ್ಲ ರೂಪಕ್ಕೆ ತರುವ ಜಠರಾಮ್ಲವೂ ಕಡಿಮೆಯಾಗಿರುತ್ತದೆ. ಸ್ಲೀವ್ ಆದವರಲ್ಲಿ ದಾರಿ ಹಾಗೆಯೇ ಇದ್ದರೂ ಆಮ್ಲ ಕಡಿಮೆ. ಎರಡರಲ್ಲೂ ವಿಟಮಿನ್ ಬಿ12 ಹೀರಲು ಬೇಕಾದ, ಜಠರದ ಗೋಡೆ ಸ್ರವಿಸುವ ಅಂಶ ಕುಗ್ಗುತ್ತದೆ. ಆದ್ದರಿಂದ ಬೈಪಾಸ್ ಆದವರು ಮುಂದಿನ ಹಂತಗಳಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಇನ್ನು ಹೆಸರಿನ ವಿಷಯ. ನೋಂದಣಿ ಮೇಜಿನಲ್ಲಿ "ನನಗೆ ಬೈಪಾಸ್ ಆಗಿದೆ ಸರ್" ಎಂದರೆ ಎದುರಿನವರು ಅರ್ಥ ಮಾಡಿಕೊಳ್ಳುವುದು ಹೃದಯದ ಬೈಪಾಸ್. ಅದಾದವರು ನಮ್ಮ ಮಾರ್ಗಸೂಚಿಯಂತೆ ಶಾಶ್ವತವಾಗಿ ಅನರ್ಹರು. ಗದ್ದಲದ ಶಿಬಿರದಲ್ಲಿ ಮರುಪ್ರಶ್ನೆ ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಅರ್ಜಿಯ ಮೇಲೆ ಗೆರೆ ಎಳೆದು ಮುಂದಿನವರನ್ನು ಕರೆಯುತ್ತಾರೆ. "ತೂಕ ಇಳಿಸಲು ಜಠರದ ಬೈಪಾಸ್ ಆಗಿದೆ, ಹೃದಯದ್ದಲ್ಲ, ಇಂಥ ತಿಂಗಳು ಆಯಿತು, ರಕ್ತ ಹಾಕಿರಲಿಲ್ಲ" ಎಂದು ಒಂದೇ ಉಸಿರಿನಲ್ಲಿ ಹೇಳಿ, ಡಿಸ್ಚಾರ್ಜ್ ಸಮ್ಮರಿಯನ್ನು ಮುಂದಿಡಿ.

## ಹಂತ 3: ರಕ್ತಪರೀಕ್ಷೆ

ಈ ಮಾರ್ಗದರ್ಶಿಯ ತಿರುಳು ಈ ಹಂತದಲ್ಲಿದೆ.

ರಕ್ತದಾನಕ್ಕೆ ಮೊದಲು ಬೆರಳು ಚುಚ್ಚಿ ನೋಡುವುದು ಹಿಮೋಗ್ಲೋಬಿನ್ ಒಂದನ್ನೇ. ಹಲವು ಶಿಬಿರಗಳಲ್ಲಿ ಇಂದಿಗೂ ಮೈಲುತುತ್ತದ ನೀಲಿ ದ್ರಾವಣದಲ್ಲಿ ರಕ್ತದ ಹನಿ ಬಿಡುತ್ತಾರೆ. ಹನಿ 15 ಸೆಕೆಂಡಿನೊಳಗೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ (100 ಮಿ.ಲೀ.) 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ಅರ್ಥ. ತೇಲಿದರೆ ನೀವು ಮನೆಗೆ. ಆ ಹನಿ ನಿಮ್ಮ ಕಬ್ಬಿಣದ ದಾಸ್ತಾನಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ದೇಹವು ತನ್ನ ಉಗ್ರಾಣ ಬರಿದಾಗುವವರೆಗೂ ಹಿಮೋಗ್ಲೋಬಿನ್ ಅನ್ನು ಇಳಿಯಗೊಡುವುದಿಲ್ಲ. ಪಡಸಾಲೆಯಲ್ಲಿ ಊಟ ಬಡಿಸುತ್ತಲೇ ಇರುತ್ತಾರೆ, ಒಳಗೆ ಅಕ್ಕಿಯ ಡಬ್ಬ ತಳ ಕಂಡಿರುತ್ತದೆ.

ಆ ಉಗ್ರಾಣದ ಅಳತೆಯೇ ಫೆರಿಟಿನ್. ಲೆಕ್ಕ ಹೀಗಿದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹಿಮೋಗ್ಲೋಬಿನ್ 13 ಇರುವವರು 350 ಮಿ.ಲೀ. ರಕ್ತ ಕೊಟ್ಟರೆ ಸುಮಾರು 155 ಮಿಲಿಗ್ರಾಂ, 450 ಮಿ.ಲೀ. ಕೊಟ್ಟರೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಫೆರಿಟಿನ್‌ನ ಒಂದೊಂದು ಅಂಕಕ್ಕೂ ದಾಸ್ತಾನಿನಲ್ಲಿ ಸುಮಾರು 8ರಿಂದ 10 ಮಿಲಿಗ್ರಾಂ ಕಬ್ಬಿಣವಿರುತ್ತದೆಂದು ಅಂದಾಜು. ಅಂದರೆ ಫೆರಿಟಿನ್ 20 ಇರುವವರ ಉಗ್ರಾಣದಲ್ಲಿರುವುದೇ 160ರಿಂದ 200 ಮಿಲಿಗ್ರಾಂ. ಒಂದೇ ದಾನದಲ್ಲಿ ಅದು ಖಾಲಿ. ಆರೋಗ್ಯವಂತ ಕರುಳು ದಿನಕ್ಕೆ ಹೀರುವ ಕಬ್ಬಿಣ ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ ಮಾತ್ರ. ದಾರಿ ಬದಲಾದ ಕರುಳಿಗೆ ಅಷ್ಟೂ ಕಷ್ಟ. ಹಿಮೋಗ್ಲೋಬಿನ್ 12.8 ಇತ್ತು, ಪಾಸಾದೆ, ಕೊಟ್ಟೆ, ಆಮೇಲೆ ಮೆಟ್ಟಿಲು ಹತ್ತಲಾಗುತ್ತಿಲ್ಲ ಎನ್ನುವವರ ಕಥೆಯ ಹಿಂದೆ ಇರುವ ಲೆಕ್ಕ ಇದು.

ಮಾಡಿಸಬೇಕಾದ ಪರೀಕ್ಷೆಗಳು: ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ), ಬಿ12 ಮತ್ತು ಫೋಲೇಟ್. ವರ್ಷಕ್ಕೊಮ್ಮೆ ಶಸ್ತ್ರವೈದ್ಯರ ಬಳಿ ಹೋಗುವಾಗ ಇವುಗಳಲ್ಲಿ ಹೆಚ್ಚಿನವು ಹೇಗೂ ಆಗುತ್ತವೆ. ದಾನದ ಯೋಚನೆಯನ್ನು ಆ ಭೇಟಿಯಲ್ಲೇ ವೈದ್ಯರ ಮುಂದಿಟ್ಟರೆ ಎರಡು ಸಲ ಖರ್ಚು ಮಾಡುವುದು ತಪ್ಪುತ್ತದೆ.

ವರದಿ ಓದುವಾಗ ಗಮನಿಸಬೇಕಾದ್ದು ಇಷ್ಟು. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ. 30ಕ್ಕಿಂತ ಕೆಳಗಿದ್ದರೂ ವೈದ್ಯರು ಸಾಮಾನ್ಯವಾಗಿ ಕೊರತೆಯೆಂದೇ ಪರಿಗಣಿಸುತ್ತಾರೆ. ನಾನು ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಹೇಳುವುದು ಫೆರಿಟಿನ್ 50 ದಾಟಿರಲಿ, ಹಿಮೋಗ್ಲೋಬಿನ್ 13 ಆದರೂ ಇರಲಿ ಎಂದು. ಇದು ಸರ್ಕಾರದ ನಿಯಮವಲ್ಲ, ಮೇಲಿನ ಲೆಕ್ಕದಿಂದ ನಾನು ಇಟ್ಟುಕೊಂಡ ಅಳತೆ. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುವುದರಿಂದ ನೆಗಡಿ ಜ್ವರದ ವಾರದಲ್ಲಿ ಈ ಪರೀಕ್ಷೆ ಮಾಡಿಸಬೇಡಿ. ಸಿಬಿಸಿಯಲ್ಲಿ ಎಂಸಿವಿ ಎಂಬ ಅಂಕಿ ಕೆಂಪು ಕಣಗಳ ಗಾತ್ರ ಹೇಳುತ್ತದೆ. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ, ಬಿ12 ಅಥವಾ ಫೋಲೇಟ್ ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕೊರತೆ ಒಟ್ಟಿಗಿದ್ದರೆ ಸರಾಸರಿ ಸಹಜವಾಗಿ ಕಂಡು ಮೋಸವಾಗುತ್ತದೆ, ಮತ್ತು ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಎರಡೂ ಒಟ್ಟಿಗಿರುವುದು ಅಪರೂಪವಲ್ಲ. ಆದ್ದರಿಂದ ಸಿಬಿಸಿ ಒಂದನ್ನೇ ನೋಡಿ ಸಮಾಧಾನಪಡಬೇಡಿ. ಬಿ12 ದಾಸ್ತಾನು ಯಕೃತ್ತಿನಲ್ಲಿ ವರ್ಷಗಟ್ಟಲೆ ಬಾಳುವುದರಿಂದ ಮೊದಲ ವರ್ಷ ಚೆನ್ನಾಗಿದ್ದ ವರದಿ ಮೂರನೆಯ ವರ್ಷಕ್ಕೆ ಸಾಕ್ಷಿಯಾಗಲಾರದು.

## ಹಂತ 4: ಕೊರತೆಯಿದ್ದರೆ ತುಂಬಿಸಿಕೊಳ್ಳುವುದು

ಹಿಮೋಗ್ಲೋಬಿನ್ 11.8 ಬಂತೆಂದು ಒಂದು ವಾರ ಕಬ್ಬಿಣದ ಮಾತ್ರೆ ನುಂಗಿ, ಬೀಟ್‌ರೂಟ್ ರಸ ಕುಡಿದು ಮತ್ತೆ ಶಿಬಿರಕ್ಕೆ ಬರುವುದು ನಾನು ಕಾಣುವ ಅತ್ಯಂತ ಸಾಮಾನ್ಯ ತಪ್ಪು. ದಾಸ್ತಾನು ತುಂಬಲು ತಿಂಗಳುಗಳು ಬೇಕು. ಮಾತ್ರೆ ಶುರುಮಾಡಿ ಎಂಟರಿಂದ ಹನ್ನೆರಡು ವಾರಗಳ ನಂತರ ಮರುಪರೀಕ್ಷೆ ಮಾಡಿಸುವವರೆಗೆ ದಾನದ ಮಾತು ಬೇಡ.

ಕಬ್ಬಿಣದ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಹೇಳಬೇಕು, ಆದರೆ ತೆಗೆದುಕೊಳ್ಳುವ ರೀತಿ ನಿಮ್ಮ ಕೈಯಲ್ಲಿದೆ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ, ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ದಕ್ಕುವುದಿಲ್ಲ. ಕಾಫಿ, ಚಹಾ, ಹಾಲಿನ ಜೊತೆ ಬೇಡ. ನಿಂಬೆರಸ ಹಿಂಡಿದ ನೀರಿನ ಜೊತೆ ಆಗಬಹುದು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ವೈದ್ಯರು ನಿಲ್ಲಿಸಲು ಹೇಳಿದ ಮೇಲೂ ಅಭ್ಯಾಸಬಲದಿಂದ ಮುಂದುವರಿಸುವವರು ಬಹಳ. ಅದು ಕಬ್ಬಿಣ ಹೀರುವುದನ್ನು ಇನ್ನಷ್ಟು ಕುಗ್ಗಿಸುತ್ತದೆ, ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ. ನಿಧಾನವಾಗಿ ಕರಗುವ ಅಥವಾ ಕರುಳಿನಲ್ಲಿ ಕರಗಲೆಂದು ಲೇಪನ ಹಾಕಿದ ಮಾತ್ರೆಗಳು ಬೈಪಾಸ್ ಆದವರಿಗೆ ಹೊಂದುವುದು ಕಡಿಮೆ.

ರಾಗಿ ತಿಂದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ಕಬ್ಬಿಣವಿದೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಫೈಟೇಟ್ ಕೂಡ ಹೇರಳವಾಗಿದ್ದು ಆ ಕಬ್ಬಿಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ರಾಗಿ ಮುದ್ದೆ ಉಣ್ಣಿ, ಮುದ್ದೆಯನ್ನು ನಂಬಿ ಮಾತ್ರೆ ಬಿಡಬೇಡಿ.

ಮಾತ್ರೆ ಹತ್ತದವರಿಗೆ ವೈದ್ಯರು ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಅದು ಚಿಕಿತ್ಸೆ. ಡ್ರಿಪ್ ಹಾಕಿಸಿಕೊಂಡು ಏರಿದ ಅಂಕಿಯನ್ನು ದಾನಕ್ಕೆ ಬಳಸಬಾರದು. ಇತ್ತೀಚೆಗೆ ಕಬ್ಬಿಣದ ಡ್ರಿಪ್ ಬೇಕಾಗಿ ಬಂದವರು ಸದ್ಯಕ್ಕೆ ದಾನಿಗಳ ಸಾಲಿನಲ್ಲಿ ನಿಲ್ಲದಿರುವುದೇ ಸರಿ.

ಈ ಲಕ್ಷಣಗಳಿದ್ದರೆ ವರದಿ ಚೆನ್ನಾಗಿದ್ದರೂ ಹೋಗಬೇಡಿ. ಹಸಿ ಅಕ್ಕಿ, ಬಳಪ, ಮಂಜುಗಡ್ಡೆ ತಿನ್ನಬೇಕೆಂಬ ತಡೆಯಲಾಗದ ಚಪಲ ಕಬ್ಬಿಣದ ಕೊರತೆಯ ಹಳೆಯ ಗುರುತು. ಅಂಗಾಲಿನಲ್ಲಿ ಜುಮ್ಮೆನ್ನುವುದು, ನಾಲಿಗೆ ನುಣುಪಾಗಿ ಉರಿಯುವುದು ಬಿ12 ಕೊರತೆಯ ಕಡೆ ಬೆರಳು ತೋರಿಸುತ್ತವೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ, ತೀವ್ರ ದುರ್ವಾಸನೆಯಿಂದ ಕೂಡಿದ್ದರೆ ಅದು ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿರುವ ಸೂಚನೆಯಾಗಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

## ಹಂತ 5: ಮಾತ್ರೆಗಳ ಪಟ್ಟಿಯನ್ನು ಮರುಪರಿಶೀಲಿಸುವುದು

ತೂಕ ಇಳಿದಂತೆ ರಕ್ತದೊತ್ತಡ, ಸಕ್ಕರೆ ಎರಡೂ ಇಳಿಯುತ್ತವೆ. ಮಾತ್ರೆಯ ಪ್ರಮಾಣ ಮಾತ್ರ ಹಳೆಯ ತೂಕದ್ದೇ ಉಳಿದಿರುತ್ತದೆ. 110 ಕೆಜಿ ಇದ್ದಾಗ ಬರೆದುಕೊಟ್ಟ ಬಿಪಿ ಮಾತ್ರೆಯನ್ನು 68 ಕೆಜಿಯಲ್ಲೂ ನುಂಗಿಕೊಂಡು ಬಂದು ರಕ್ತ ಕೊಟ್ಟರೆ ಮಂಚದಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ದಾನದ ಹೊತ್ತಿಗೆ ಮೇಲಿನ ಒತ್ತಡ 100ರಿಂದ 140, ಕೆಳಗಿನದು 60ರಿಂದ 90ರೊಳಗೆ ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅರ್ಹರಲ್ಲ. ಸಕ್ಕರೆಯ ಮಾತ್ರೆ ನುಂಗುವವರು ಕಳೆದ ನಾಲ್ಕು ವಾರಗಳಲ್ಲಿ ಪ್ರಮಾಣ ಬದಲಾಗಿದ್ದರೆ ಕಾಯಬೇಕು. ಶಸ್ತ್ರಚಿಕಿತ್ಸೆಯ ನಂತರ ಪ್ರಮಾಣ ಪದೇ ಪದೇ ಬದಲಾಗುವುದರಿಂದ ಇದನ್ನು ಮರೆಯಬೇಡಿ. ರಕ್ತ ತೆಳುವಾಗಿಸುವ ಔಷಧಿಯಿದ್ದರೆ ಮುಚ್ಚಿಡದೆ ಹೇಳಿ.

## ಹಂತ 6: ಜಾಗ ಮತ್ತು ವೇಳೆಯ ಆಯ್ಕೆ

ಮೊದಲ ದಾನಕ್ಕೆ ಬಯಲು ಶಿಬಿರ ಬೇಡ. ಆಸ್ಪತ್ರೆಗೆ ಸೇರಿದ ರಕ್ತನಿಧಿಗೆ, ಜನ ಕಡಿಮೆಯಿರುವ ವಾರದ ದಿನ, ಬೆಳಗಿನ ಹೊತ್ತು ಹೋಗಿ. ಅಲ್ಲಿ ವೈದ್ಯರು ನಿಮ್ಮ ಕಾಗದಗಳನ್ನು ಓದುವಷ್ಟು ಸಮಯ ಕೊಡುತ್ತಾರೆ. ಹತ್ತಿರದ ರಕ್ತನಿಧಿಗಳ ವಿವರ ಕೇಂದ್ರ ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿದೆ. ಒಂದು ದಿನ ಮುಂಚೆ ದೂರವಾಣಿಯಲ್ಲಿ ಮಾತನಾಡಿ, ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಿ, ಬರಬಹುದೇ ಎಂದು ಕೇಳಿ.

"ಅರ್ಜೆಂಟ್ ಬೇಕು, ನಿಮ್ಮದು ಅದೇ ಗುಂಪಲ್ಲವೇ, ಬನ್ನಿ" ಎಂಬ ರಾತ್ರಿಯ ಕರೆಗೆ ಓಗೊಟ್ಟು ಹೋಗುವುದು ಈ ಗುಂಪಿನವರಿಗೆ ಅತ್ಯಂತ ಅಪಾಯದ ದಾರಿ. ಆಗ ಮೊದಲ ಐದೂ ಹಂತಗಳು ತಪ್ಪಿಹೋಗುತ್ತವೆ. ಕರೆ ಮಾಡಿದವರು ಹತ್ತಿರದ ನೆಂಟರಾದರೂ ಸರಿ, ಬೇರೆ ದಾನಿಯನ್ನು ಹುಡುಕಿಕೊಡುವ ಕೆಲಸ ಮಾಡಿ. ಅದೂ ದೊಡ್ಡ ಸಹಾಯವೇ.

## ಹಂತ 7: ಹಿಂದಿನ ದಿನದಿಂದ ಮಂಚದವರೆಗೆ

ರಕ್ತದಾನಕ್ಕೆ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ ಎಂದು ಎಲ್ಲರಿಗೂ ಹೇಳುತ್ತಾರೆ. ನಿಮ್ಮ ಹೊಟ್ಟೆಗೆ ಅಷ್ಟು ನೀರು ಒಮ್ಮೆಗೇ ಹಿಡಿಸುವುದಿಲ್ಲ, ಬಲವಂತ ಮಾಡಿದರೆ ವಾಂತಿ. ಹಾಗಾಗಿ ಹಿಂದಿನ ದಿನ ಬೆಳಗಿನಿಂದಲೇ ಗುಟುಕು ಗುಟುಕಾಗಿ ಶುರುಮಾಡಬೇಕು. ಮೂತ್ರ ತಿಳಿ ಬಣ್ಣಕ್ಕೆ ಬಂದಿದ್ದರೆ ನೀರು ಸಾಕಾಗಿದೆ. ದಾನದ ದಿನ ಎರಡು ಗಂಟೆ ಮೊದಲು ಪ್ರೋಟೀನ್ ಇರುವ ಲಘು ತಿಂಡಿ ತಿನ್ನಿ: ಒಂದು ಮೊಟ್ಟೆ, ಅಥವಾ ಒಂದು ಇಡ್ಲಿಯ ಜೊತೆ ಗಟ್ಟಿ ಬೇಳೆಯ ಸಾಂಬಾರು, ಅಥವಾ ಹೆಸರುಬೇಳೆ ದೋಸೆ. ತಿಂಡಿಯಾಗಿ ಅರ್ಧ ಗಂಟೆ ಬಿಟ್ಟು ಮತ್ತೆ ನೀರಿನ ಗುಟುಕು. ಏಕಾದಶಿ, ಶಿವರಾತ್ರಿ, ರಂಜಾನ್ ಹೀಗೆ ಉಪವಾಸದ ದಿನಗಳಲ್ಲಿ ಹೋಗಲೇಬಾರದು.

ಪ್ರಶ್ನಾವಳಿಯಲ್ಲಿ ಕಳೆದ ಆರು ತಿಂಗಳಲ್ಲಿ ಕಾರಣವಿಲ್ಲದೆ ತೂಕ ಇಳಿದಿದೆಯೇ ಎಂಬ ಪ್ರಶ್ನೆ ಬರುತ್ತದೆ. ಅದು ಎಚ್‌ಐವಿ, ಕ್ಷಯದಂಥ ಕಾಯಿಲೆಗಳನ್ನು ಗುರುತಿಸಲು ಕೇಳುವ ಪ್ರಶ್ನೆ. ಬರೀ "ಹೌದು" ಎಂದು ಗುರುತು ಹಾಕಿದರೆ ನಿರಾಕರಣೆ ಖಚಿತ. "ಇಲ್ಲ" ಎಂದು ಹಾಕಿ ಶಸ್ತ್ರಚಿಕಿತ್ಸೆಯನ್ನೇ ಮರೆಮಾಚುವುದು ಅದಕ್ಕಿಂತ ಕೆಟ್ಟದ್ದು. ಕಾರಣ ಏನೆಂದು ಅಲ್ಲೇ ಬರೆದು, ವೈದ್ಯರಿಗೆ ಬಾಯಿಮಾತಿನಲ್ಲೂ ತಿಳಿಸಿ.

ತೂಕ 45 ಕೆಜಿಗಿಂತ ಹೆಚ್ಚಿದ್ದರೆ 350 ಮಿ.ಲೀ., 55 ಕೆಜಿಗಿಂತ ಹೆಚ್ಚಿದ್ದರೆ 450 ಮಿ.ಲೀ. ತೆಗೆಯಲು ನಿಯಮದಲ್ಲಿ ಅವಕಾಶವಿದೆ. ನಿಮ್ಮ ತೂಕ 75 ಕೆಜಿ ಇದ್ದರೂ ಮೊದಲ ಬಾರಿಗೆ 350 ಮಿ.ಲೀ. ಚೀಲವನ್ನೇ ಬಳಸಿ ಎಂದು ವಿನಂತಿಸಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮುಂಚೆ ನೀವು 450 ಕೊಟ್ಟು ಎದ್ದು ಓಡಾಡಿದ್ದಿರಬಹುದು. ತೂಕದ ಜೊತೆಗೆ ಮೈಯಲ್ಲಿ ಹರಿಯುವ ರಕ್ತದ ಒಟ್ಟು ಪ್ರಮಾಣವೂ ಇಳಿದಿರುತ್ತದೆ, ಹಳೆಯ ಅನುಭವ ಈಗ ಅಳತೆಗೋಲಲ್ಲ.

## ಹಂತ 8: ಜ್ಯೂಸ್ ಪ್ಯಾಕೆಟ್ಟಿನ ಅಪಾಯ

ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಸಭಾಂಗಣದಲ್ಲಿ ಶಿಬಿರ ನಡೆದಿತ್ತು. ಜಠರದ ಬೈಪಾಸ್ ಆಗಿ ಎರಡು ವರ್ಷ ಕಳೆದಿದ್ದ ಹೆಂಗಸೊಬ್ಬರು ರಕ್ತ ಕೊಟ್ಟು, ಸಲೀಸಾಗಿ ಎದ್ದು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಸ್ವಯಂಸೇವಕ ಹುಡುಗ ಮಾವಿನ ಜ್ಯೂಸ್ ಪ್ಯಾಕೆಟ್ಟಿಗೆ ತಾನೇ ಸ್ಟ್ರಾ ಚುಚ್ಚಿ ಕೈಗೆ ಕೊಟ್ಟು, "ಪೂರ್ತಿ ಕುಡೀರಿ ಅಕ್ಕಾ, ಬಿಡಬಾರದು" ಎಂದ. ಅವರು ಸಂಕೋಚದಿಂದ ಕುಡಿದರು. ಕಾಲು ಗಂಟೆಯಲ್ಲಿ ಹಣೆಯ ಮೇಲೆ ಬೆವರು, ಎದೆ ಡವಡವ, ಹೊಟ್ಟೆಯಲ್ಲಿ ಹಿಂಡಿದಂತೆ ನೋವು. ರಕ್ತ ಕೊಟ್ಟ ತಲೆಸುತ್ತು ಎಂದುಕೊಂಡು ನಾವು ಮಲಗಿಸಿ, ಕಾಲು ಎತ್ತರಿಸಿ, ಗ್ಲೂಕೋಸ್ ನೀರು ಕುಡಿಸಿದೆವು. ನೋವು ಇನ್ನೂ ಹೆಚ್ಚಾಯಿತು. ಮಲಗಿದಲ್ಲಿಂದಲೇ ಅವರು "ನನಗೆ ಸಿಹಿ ಆಗಲ್ಲ" ಎಂದಾಗ ನನಗೆ ಅರ್ಥವಾಯಿತು. ಅರ್ಜಿಯಲ್ಲಿ ಅವರು ಎಲ್ಲವನ್ನೂ ಬರೆದಿದ್ದರು. ಓದಿದ ನಾನು ತಿಂಡಿಯ ಮೇಜಿನವರಿಗೆ ಹೇಳಿರಲಿಲ್ಲ. ಆ ತಪ್ಪು ನನ್ನದು, ಅಂದಿನಿಂದ ಮರೆತಿಲ್ಲ.

ಅದಕ್ಕೆ ಡಂಪಿಂಗ್ ಎಂದು ಹೆಸರು. ಸಕ್ಕರೆಯ ದ್ರವ ಚಿಕ್ಕ ಜಠರದಿಂದ ಕರುಳಿಗೆ ಒಮ್ಮೆಗೇ ಸುರಿದು, ಮೈಯ ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ. ರಕ್ತ ಕೊಟ್ಟು ಆಗಲೇ ದ್ರವ ಕಡಿಮೆಯಾಗಿರುವವರಿಗೆ ಇದು ಇಮ್ಮಡಿ ಹೊಡೆತ. ಮೊದಲ ಅಲೆ 10ರಿಂದ 30 ನಿಮಿಷದೊಳಗೆ ಬರುತ್ತದೆ. ಒಂದರಿಂದ ಮೂರು ಗಂಟೆಯ ನಂತರ ಇನ್ಸುಲಿನ್ ಅತಿಯಾಗಿ ಸ್ರವಿಸಿ ಸಕ್ಕರೆ ಕುಸಿಯುವ ಎರಡನೆಯ ಅಲೆ ಬರಬಹುದು, ಆ ಹೊತ್ತಿಗೆ ನೀವು ಬಸ್ಸಿನಲ್ಲೋ ಸ್ಕೂಟರಿನಲ್ಲೋ ಇರುತ್ತೀರಿ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರಲ್ಲೂ ಇಲ್ಲದಿಲ್ಲ. ರಕ್ತದಾನದ ಸಾಮಾನ್ಯ ತಲೆಸುತ್ತಿನಲ್ಲಿ ನಾಡಿ ಸಾಮಾನ್ಯವಾಗಿ ನಿಧಾನವಾಗುತ್ತದೆ, ಡಂಪಿಂಗ್‌ನಲ್ಲಿ ಓಡುತ್ತದೆ. ನಿಮ್ಮನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸಿ.

ಹಾಗಾಗಿ ಮಾಡಬೇಕಾದದ್ದು: ಜ್ಯೂಸ್, ಗ್ಲೂಕೋಸ್ ನೀರು, ಸಿಹಿ ಬಿಸ್ಕತ್ತುಗಳನ್ನು ನಯವಾಗಿ ನಿರಾಕರಿಸಿ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಗುಟುಕರಿಸುತ್ತಾ ಹದಿನೈದು ಇಪ್ಪತ್ತು ನಿಮಿಷ ಮಂಚದಲ್ಲೇ ಮಲಗಿರಿ. ಆಮೇಲೆ ಅರ್ಧ ಗಂಟೆ ಬಿಟ್ಟು ಡಬ್ಬಿಯಲ್ಲಿ ತಂದ ಹುರಿಗಡಲೆ, ಪನೀರ್ ತುಂಡು ಅಥವಾ ಬೇಯಿಸಿದ ಮೊಟ್ಟೆಯನ್ನು ಚೆನ್ನಾಗಿ ಅಗಿದು ತಿನ್ನಿ. ಒಟ್ಟು ಒಂದು ಗಂಟೆ ಅಲ್ಲೇ ಇರಿ. ಸಕ್ಕರೆ ನಿಜವಾಗಿಯೂ ಕುಸಿದಿದೆಯೆಂದು ಯಂತ್ರದಲ್ಲಿ ನೋಡಿ ವೈದ್ಯರು ಸಿಹಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

## ಹಂತ 9: ಮುಂದಿನ ಎರಡು ದಿನ

ಕೈಗೆ ಅಂಟಿಸಿದ ಪಟ್ಟಿಯನ್ನು ನಾಲ್ಕಾರು ಗಂಟೆ ಬಿಚ್ಚಬೇಡಿ, ಆ ಕೈಯಲ್ಲಿ ಭಾರ ಎತ್ತಬೇಡಿ, ಆ ದಿನ ವ್ಯಾಯಾಮ ಬೇಡ. ಒಂದು ಲೀಟರ್ ಹೆಚ್ಚುವರಿ ದ್ರವವನ್ನು ಎರಡು ದಿನಕ್ಕೆ ಹಂಚಿಕೊಂಡು ಕುಡಿಯಿರಿ. ಸೂಜಿ ಚುಚ್ಚಿದ ಕೈ ನೋಯುತ್ತಿದ್ದರೆ ಐಬುಪ್ರೊಫೆನ್, ಡೈಕ್ಲೊಫಿನಾಕ್ ಜಾತಿಯ ಮಾತ್ರೆ ನುಂಗಬೇಡಿ, ಅವು ಜಠರದ ಜೋಡಣೆಯಲ್ಲಿ ಹುಣ್ಣು ಮಾಡಬಲ್ಲವು, ಪ್ಯಾರಾಸಿಟಮಾಲ್ ಸಾಕು. ಒಂದೆರಡು ದಿನದಲ್ಲಿ ಜ್ವರವೋ ಭೇದಿಯೋ ಕಾಣಿಸಿಕೊಂಡರೆ ರಕ್ತನಿಧಿಗೆ ಕರೆ ಮಾಡಿ ತಿಳಿಸಿ, ನಿಮ್ಮ ರಕ್ತ ಇನ್ನೊಬ್ಬರಿಗೆ ಹೋಗುವ ಮುನ್ನ ಅವರು ಅದನ್ನು ತಡೆಹಿಡಿಯಬಹುದು.

## ಹಂತ 10: ಮುಂದಿನ ದಾನ ಯಾವಾಗ

ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಎಂಬ ಅಂತರ ಸಹಜ ಕರುಳಿನವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಿಮಗೆ ಕ್ಯಾಲೆಂಡರಿಗಿಂತ ಫೆರಿಟಿನ್ ದೊಡ್ಡದು. ದಾನದ ಮಾರನೆಯ ದಿನದಿಂದ ಕಬ್ಬಿಣದ ಪ್ರಮಾಣ ಹೆಚ್ಚಿಸಬೇಕೇ ಎಂದು ವೈದ್ಯರನ್ನು ಕೇಳಿ, ಹನ್ನೆರಡು ವಾರಕ್ಕೆ ಪರೀಕ್ಷೆ ಮಾಡಿಸಿ, ದಾನಕ್ಕೆ ಮುಂಚಿನ ಅಂಕಿಗೆ ಮರಳಿದ ಮೇಲೆ ಮಾತ್ರ ಮುಂದಿನ ದಿನಾಂಕ ಯೋಚಿಸಿ. ಮುಟ್ಟಿನ ವಯಸ್ಸಿನಲ್ಲಿರುವ, ಬೈಪಾಸ್ ಆದ ಹೆಣ್ಣುಮಕ್ಕಳಿಗೆ ವರ್ಷಕ್ಕೊಂದು ದಾನವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹೊರದೇಶದಲ್ಲಿರುವವರು ಅಲ್ಲಿನ ನಿಯಮ ಕೇಳಿಕೊಳ್ಳಬೇಕು: ಅಮೆರಿಕದಲ್ಲಿ ದಾನಗಳ ನಡುವಿನ ಕನಿಷ್ಠ ಅಂತರ 56 ದಿನ, ಆ ವೇಗ ನಿಮ್ಮ ಕರುಳಿಗೆ ಖಂಡಿತ ಹೊಂದದು.

ಕಬ್ಬಿಣ ಕಡಿಮೆ ಹೋಗುತ್ತದೆಂದು ಪ್ಲೇಟ್‌ಲೆಟ್ ದಾನದ ಕಡೆ ಹೊರಳುವವರಿದ್ದಾರೆ. ಯಂತ್ರವು ಪ್ಲೇಟ್‌ಲೆಟ್ ಮಾತ್ರ ತೆಗೆದು ಕೆಂಪು ಕಣಗಳನ್ನು ಹಿಂದಿರುಗಿಸುವುದರಿಂದ ಆ ಯೋಚನೆ ಸರಿಯೇ. ಆದರೆ ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಬಳಸುವ ಸಿಟ್ರೇಟ್ ನಿಮ್ಮ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದವರಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮೊದಲೇ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಹೋಗುವ ಮುನ್ನ ಅವೆರಡನ್ನೂ ಪರೀಕ್ಷಿಸಿಕೊಳ್ಳಿ. ಯಂತ್ರ ಓಡುತ್ತಿರುವಾಗ ತುಟಿಯ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮುಜುಮು ಶುರುವಾದ ಕ್ಷಣವೇ, ತಡೆದುಕೊಳ್ಳುತ್ತೇನೆ ಎಂದುಕೊಳ್ಳದೆ, ಪಕ್ಕದಲ್ಲಿರುವ ಸಿಬ್ಬಂದಿಯನ್ನು ಕರೆಯಿರಿ.